ಬಿಚ್ಚಿ ಸರಿಪಡಿಸಬೇಕೆ, ಹೊಸದನ್ನೇ ಕೂರಿಸಬೇಕೆ? ರೈಡಿಂಗ್ ಮೋವರ್ ಎಂಜಿನ್‌ನ ಲೆಕ್ಕಾಚಾರ

ಕಲಬುರಗಿಯ ಗ್ಯಾರೇಜುಗಳಲ್ಲಿ ‘ಎಂಜಿನ್ ಕೆಲಸಕ್ಕೆ ಬಂದಿದೆ’ ಎಂಬ ಒಂದು ಮಾತಿದೆ. ವಾಲ್ವ್ ಒತ್ತುವ ಟ್ಯಾಪೆಟ್ ಸಡಿಲವಾದರೂ ಅದೇ ಮಾತು, ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿಗೆ ತೂತು ಬಿದ್ದರೂ ಅದೇ ಮಾತು. ಆಳಂದ ರಸ್ತೆಯ ಕಡೆಗಿರುವ ಒಂದು ಕಾಲೇಜಿನ ಮೈದಾನ, ಉದ್ಯಾನಗಳ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಜೂನ್‌ನಲ್ಲಿ ಮೊದಲ ಎರಡು ಮಳೆ ಬಿದ್ದು ಹುಲ್ಲು ಮೊಣಕಾಲುದ್ದ ಏರಿದಾಗ, ಕೂತು ಓಡಿಸುವ ನಮ್ಮ ಹುಲ್ಲು ಕತ್ತರಿಸುವ ಯಂತ್ರ ಚಾಲೂ ಆಗಲೇ ಇಲ್ಲ. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಒಮ್ಮೆ ಗುಕ್ ಎಂದು ನಿಲ್ಲುತ್ತಿತ್ತು. ಬಂದು ನೋಡಿದ ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟರು: ಎಂಜಿನ್ ಸೀಜ್ ಆಗಿದೆ, ಅಂದರೆ ಒಳಗೆ ಕಚ್ಚಿಕೊಂಡಿದೆ, ಹೊಸದು ತರಿಸಿ.

ಹೊಸ ಎಂಜಿನ್‌ಗಾಗಿ ಕಚೇರಿಗೆ ಟಿಪ್ಪಣಿ ಬರೆದೂ ಆಗಿತ್ತು. ಆ ಯಂತ್ರವನ್ನು ವರ್ಷಗಳಿಂದ ಓಡಿಸುತ್ತಿದ್ದ ನಮ್ಮ ಮಾಲಿ ಸಂಜೆ ಬಂದು, ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ನನ್ನ ಮೂಗಿನ ಹತ್ತಿರ ಹಿಡಿದರು. ಎಣ್ಣೆ ನೀರಿನಂತೆ ತೆಳ್ಳಗಾಗಿತ್ತು, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು, ಮಟ್ಟವೂ ಗುರುತಿಗಿಂತ ಮೇಲಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಯಿಂದ ತಿರುಗಿಸಿದಾಗ ಆ ತೂತಿನಿಂದ ಪೆಟ್ರೋಲ್ ಚಿಮ್ಮಿತು. ಕಾರ್ಬ್ಯುರೇಟರ್‌ನ ಸೂಜಿ ಕವಾಟ ಸವೆದು, ನಿಂತಲ್ಲೇ ಪೆಟ್ರೋಲ್ ಸೋರಿ ಸಿಲಿಂಡರ್ ತುಂಬಿಕೊಂಡಿತ್ತು. ದ್ರವವನ್ನು ಅದುಮಲಾಗದ ಪಿಸ್ಟನ್ ಅಲ್ಲೇ ನಿಂತಿತ್ತು. ಒಂದು ಸೂಜಿ, ಒಂದು ಎಣ್ಣೆ ಬದಲಾವಣೆ, ಟ್ಯಾಂಕಿನಿಂದ ಬರುವ ಕೊಳವೆಗೆ ಒಂದು ಕಾಕ್. ಆ ಎಂಜಿನ್ ಮಾರನೆಯ ದಿನವೇ ಮೈದಾನಕ್ಕಿಳಿಯಿತು.

ಅಂದಿನಿಂದ ದುರಸ್ತಿಯೋ ಬದಲಾವಣೆಯೋ ಎಂದು ಯಾರು ಕೇಳಿದರೂ ನಾನು ಮೊದಲು ಕೇಳುವುದು, ಕೆಟ್ಟಿರುವುದು ಯಾವ ಭಾಗ ಎಂದು ಕಣ್ಣಾರೆ ನೋಡಿದ್ದೀರಾ ಎಂದು. ಅದು ಗೊತ್ತಾಗದೆ ಎರಡು ಆಯ್ಕೆಗಳನ್ನು ತೂಗಲು ಕೂರುವುದು ಖಾಲಿ ತಕ್ಕಡಿಯನ್ನು ಹಿಡಿದಂತೆ.

ಎಂಜಿನ್ ಮೇಲೆ ಆರೋಪ ಹೊರಿಸುವ ಮೊದಲು

ನಮ್ಮ ಭಾಗದ ಹುಲ್ಲುಹಾಸು ಮಾರ್ಚ್‌ನಿಂದ ಮೇವರೆಗೆ ಬೋರ್‌ವೆಲ್ ನೀರಿನಲ್ಲಿ ಹೇಗೋ ಜೀವ ಹಿಡಿದಿರುತ್ತದೆ. ಕತ್ತರಿಸುವ ಕೆಲಸ ಇರುವುದಿಲ್ಲ. ಯಂತ್ರ ಶೆಡ್‌ನಲ್ಲಿ ಮೂರು ತಿಂಗಳು ಟ್ಯಾಂಕಿನ ಪೆಟ್ರೋಲ್ ಸಮೇತ ನಿಲ್ಲುತ್ತದೆ. ಪೆಟ್ರೋಲ್ ಒಂದು ತಿಂಗಳಲ್ಲೇ ಹಳಸತೊಡಗುತ್ತದೆ, ತಗಡಿನ ಶೆಡ್‌ನ ಬಿಸಿಯಲ್ಲಿ ಇನ್ನೂ ಬೇಗ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಸಣ್ಣ ಎಂಜಿನ್‌ಗಳ ಕೈಪಿಡಿಗಳು ಸಾಮಾನ್ಯವಾಗಿ ಒಪ್ಪುವುದು ಶೇಕಡ 10ರವರೆಗೆ ಮಾತ್ರ. ಎಥೆನಾಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ಕಾರ್ಬ್ಯುರೇಟರ್‌ನ ಬಟ್ಟಲಿನಲ್ಲಿ ಬಿಳಿ ಪುಡಿ, ಹಸಿರು ಕಿಲುಬು ಕೂರುತ್ತದೆ, ರಬ್ಬರ್ ಭಾಗಗಳು ಉಬ್ಬುತ್ತವೆ. ಜೂನ್‌ನಲ್ಲಿ ‘ಎಂಜಿನ್ ಹೋಯಿತು’ ಎಂದು ನನ್ನ ಬಳಿ ಬಂದ ದೂರುಗಳಲ್ಲಿ ಹೆಚ್ಚಿನವು ಈ ಬಟ್ಟಲಿನಲ್ಲೇ ಬಗೆಹರಿದಿವೆ.

ಆದ್ದರಿಂದ ಮೊದಲು ಹಳೆಯ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿ. ಕೀಲಿ ತಿರುಗಿಸಿದಾಗ ಕಾರ್ಬ್ಯುರೇಟರ್ ತಳದ ಸೊಲೆನಾಯ್ಡ್ ‘ಟಿಕ್’ ಎನ್ನುತ್ತದೆಯೇ ಕೇಳಿಸಿಕೊಳ್ಳಿ. ಅದು ತೆರೆಯದಿದ್ದರೆ ಇಂಧನವೇ ಹೋಗುವುದಿಲ್ಲ. ಕಿಡಿ ಬರುತ್ತಿದೆಯೇ ನೋಡಿ. ಎಂಜಿನ್ ತಿರುಗುತ್ತಲೇ ಇಲ್ಲವೆಂದಾದರೆ ಪ್ಲಗ್ ಬಿಚ್ಚಿ, ಪ್ಲಗ್‌ನ ತಂತಿಯನ್ನು ದೂರ ಕಟ್ಟಿ, ಕೈಯಿಂದ ತಿರುಗಿಸಿ ನೋಡಿ. ಕೆಲವೊಮ್ಮೆ ಬಿಗಿದಿರುವುದು ಎಂಜಿನ್ ಆಗಿರುವುದಿಲ್ಲ, ಕೆಳಗಿನ ಬ್ಲೇಡ್‌ನ ಬೇರಿಂಗ್ ಅಥವಾ ಬೆಲ್ಟ್ ಕ್ಲಚ್ ಆಗಿರುತ್ತದೆ. ಬೆಲ್ಟ್ ಕಳಚಿದರೆ ಅದು ತಿಳಿಯುತ್ತದೆ.

ತಿರುಗಿ ತಿರುಗಿ ಒಂದು ಜಾಗದಲ್ಲಿ ತಡೆದು ನಿಲ್ಲುತ್ತಿದ್ದರೆ ಬ್ಯಾಟರಿಯನ್ನು ಬೈಯುವ ಮೊದಲು ವಾಲ್ವ್ ಅಂತರ (ವಾಲ್ವ್‌ನ ತುದಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದಿ) ಅಳೆಯಿರಿ. ಈ ಎಂಜಿನ್‌ಗಳಲ್ಲಿ ಚಾಲೂ ಮಾಡುವಾಗ ಒಂದು ವಾಲ್ವನ್ನು ಚೂರು ತೆರೆದಿಟ್ಟು ಒತ್ತಡ ಇಳಿಸುವ ವ್ಯವಸ್ಥೆ, ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ನಲ್ಲಿರುತ್ತದೆ. ಅಂತರ ಹೆಚ್ಚಾದರೆ ಅದು ಕೆಲಸ ಮಾಡುವುದಿಲ್ಲ, ಸ್ಟಾರ್ಟರ್ ಸೋಲುತ್ತದೆ. ಅಮೆರಿಕದ ಎಂಜಿನ್ ಕಂಪನಿ ಬ್ರಿಗ್ಸ್ ಆಂಡ್ ಸ್ಟ್ರಾಟನ್‌ನ ಒಂದು ಸಿಲಿಂಡರ್‌ನ ಇಂಟೆಕ್ ಎಂಜಿನ್‌ನಲ್ಲಿ ಒಳಬಾಯಿಯ ವಾಲ್ವ್‌ಗೆ 0.003ರಿಂದ 0.005 ಇಂಚು, ಹೊಗೆಬಾಯಿಯ ವಾಲ್ವ್‌ಗೆ 0.005ರಿಂದ 0.007 ಇಂಚು ಅಂತರ ಬೇಕು. ಸಂದಿ ಅಳೆಯುವ ತೆಳು ತಗಡುಗಳ ಫೀಲರ್ ಗೇಜ್ ಇಲ್ಲದೆ ಬೆರಳಂದಾಜಿನಲ್ಲಿ ಟ್ಯಾಪೆಟ್ ಕಟ್ಟುವವರ ಕೈಗೆ ಈ ಯಂತ್ರ ಕೊಡಬೇಡಿ.

ಪಂಕ್ಚರ್ ಅಂಗಡಿಯ ಗಾಳಿ ಹೇಳುವ ಸತ್ಯ

ಬೈಕ್ ಮೆಕ್ಯಾನಿಕ್‌ಗಳು ಸಾಮಾನ್ಯವಾಗಿ ಸಿಲಿಂಡರ್‌ನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಚ್ಚಿ, ‘ಪ್ರೆಶರ್ ಇಲ್ಲ, ಪಿಸ್ಟನ್ ರಿಂಗ್ ಹೋಗಿವೆ’ ಎನ್ನುತ್ತಾರೆ. ಮೇಲೆ ಹೇಳಿದ ಒತ್ತಡ ಇಳಿಸುವ ವ್ಯವಸ್ಥೆಯಿಂದಾಗಿ ಆರೋಗ್ಯವಾಗಿರುವ ಎಂಜಿನ್ ಕೂಡ ಆ ಗೇಜ್‌ನಲ್ಲಿ ಕಡಿಮೆಯನ್ನೇ ತೋರಿಸುತ್ತದೆ. ಈ ಒಂದು ತಪ್ಪು ಓದುವಿಕೆಯಿಂದ ಎಷ್ಟೋ ಒಳ್ಳೆಯ ಎಂಜಿನ್‌ಗಳು ಗುಜರಿಗೆ ಹೋಗಿರಬೇಕು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಸರಿಯಾದ ಪರೀಕ್ಷೆ ಗಾಳಿ ತುಂಬುವುದು. ಪಿಸ್ಟನ್ ಅನ್ನು ಒತ್ತುವ ಹೊಡೆತದ ತುತ್ತತುದಿಗೆ ತಂದು, ಎರಡೂ ವಾಲ್ವ್ ಮುಚ್ಚಿರುವಂತೆ ನಿಲ್ಲಿಸಿ, ಶಾಫ್ಟ್ ತಿರುಗದಂತೆ ಗಟ್ಟಿಯಾಗಿ ಹಿಡಿದು, ಪ್ಲಗ್ ತೂತಿನ ಮೂಲಕ ಕಂಪ್ರೆಸರ್ ಗಾಳಿ ಬಿಡಿ. ಹಳೆಯ ಪ್ಲಗ್‌ನ ಒಳಗನ್ನು ಕೊರೆಸಿ ಅದಕ್ಕೊಂದು ಗಾಳಿ ಕೊಳವೆಯ ಮೂತಿ ಬೆಸುಗೆ ಹಾಕಿಸಿದರೆ ಸಾಕು. ಯಾವ ಪಂಕ್ಚರ್ ಅಂಗಡಿಯ ಗಾಳಿಯಾದರೂ ನಡೆಯುತ್ತದೆ. ಈಗ ಕಿವಿ ಕೊಡಿ. ಕಾರ್ಬ್ಯುರೇಟರ್‌ನಲ್ಲಿ ಬುಸ್ಸೆಂದರೆ ಒಳಬಾಯಿಯ ವಾಲ್ವ್ ಸೋರುತ್ತಿದೆ. ಸೈಲೆನ್ಸರ್‌ನಲ್ಲಿ ಕೇಳಿಸಿದರೆ ಹೊಗೆಬಾಯಿಯದು. ಎರಡಕ್ಕೂ ವಾಲ್ವ್ ತಿಕ್ಕಿ ಕೂರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಎಣ್ಣೆ ಕಡ್ಡಿಯ ತೂತಿನಿಂದ ಗಾಳಿ ಬಂದರೆ ಮಾತ್ರ ನಿಧಾನಿಸಿ. ಅದು ಸವೆದ ರಿಂಗ್ ಇರಬಹುದು, ಸಿಲಿಂಡರ್‌ಗೂ ಅದರ ಮುಚ್ಚಳವಾದ ಹೆಡ್‌ಗೂ ನಡುವಿನ ಗ್ಯಾಸ್ಕೆಟ್ ಸುಟ್ಟಿರಲೂಬಹುದು.

ಈ ಎರಡರ ಗೊಂದಲವೇ ನಾನು ಕಂಡ ಅತಿ ದುಬಾರಿ ಗೊಂದಲ. ಇಂಟೆಕ್ ಮಾದರಿಯ ಒಂದು ಸಿಲಿಂಡರ್‌ನ ಎಂಜಿನ್‌ಗಳಲ್ಲಿ ಸಿಲಿಂಡರ್‌ಗೂ, ವಾಲ್ವ್ ತೆರೆಸುವ ಪುಶ್‌ರಾಡ್‌ಗಳು ಓಡುವ ಕುಹರಕ್ಕೂ ನಡುವೆ ಗ್ಯಾಸ್ಕೆಟ್‌ನ ಪಟ್ಟಿ ಕಿರಿದು. ಅಲ್ಲಿ ಸುಟ್ಟರೆ ದಹನದ ಒತ್ತಡ ನೇರವಾಗಿ ಎಣ್ಣೆ ಇರುವ ಭಾಗಕ್ಕೆ ಇಳಿದು, ಎಣ್ಣೆಯನ್ನು ಉಸಿರುಕೊಳವೆಯಿಂದ ಕಾರ್ಬ್ಯುರೇಟರ್‌ಗೆ ದಬ್ಬುತ್ತದೆ. ನೀಲಿ ಹೊಗೆ, ಎಣ್ಣೆ ಇಳಿಕೆ, ಶಕ್ತಿ ಕುಂದುವಿಕೆ, ಎಲ್ಲವೂ ರಿಂಗ್ ಸವೆತದ ಲಕ್ಷಣಗಳೇ. ನಮ್ಮ ಯಂತ್ರವೂ ಸೂಜಿ ಬದಲಿಸಿದ ಎರಡನೆಯ ವರ್ಷದಲ್ಲಿ ಹೀಗೆಯೇ ಹೊಗೆ ಕಾರಿತು. ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಮೇಲೆ ಪುಶ್‌ರಾಡ್ ಕಡೆಗೆ ಹೋಗುವ ಕಪ್ಪು ದಾರಿ ಸ್ಪಷ್ಟವಾಗಿ ಕಂಡಿತು. ಸಿಲಿಂಡರ್ ಗೋಡೆಯಲ್ಲಿ ಕಾರ್ಖಾನೆಯ ಅಡ್ಡಗೀರುಗಳು ಇನ್ನೂ ಉಳಿದಿದ್ದವು, ಅಂದರೆ ಗೋಡೆ ಸವೆದಿರಲಿಲ್ಲ. ಗ್ಯಾಸ್ಕೆಟ್ ಮಾತ್ರ ಬದಲಿಸಿದೆವು. ಹೆಡ್ ಸೊಟ್ಟಗಾಗಿದೆಯೇ ಎಂದು ದಪ್ಪ ಗಾಜಿನ ಮೇಲೆ ಎಮರಿ ಹಾಳೆ ಹಾಸಿ ತಿಕ್ಕಿ ನೋಡಬೇಕು. ಶಹಾಬಾದ್ ಕಲ್ಲು ಎಷ್ಟೇ ನಯವಾಗಿ ಕಂಡರೂ ಈ ಕೆಲಸಕ್ಕೆ ಬೇಕಾದಷ್ಟು ಸಮವಲ್ಲ. ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ, ಕೈಪಿಡಿ ಹೇಳಿದ ಕ್ರಮದಲ್ಲಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು.

ದುರಸ್ತಿಯ ಕಡೆಗೆ ತಕ್ಕಡಿ ವಾಲುವಾಗ

ದುರಸ್ತಿಯ ಪರವಾಗಿ ನಮ್ಮೂರಿಗೆ ಒಂದು ದೊಡ್ಡ ಬಲವಿದೆ: ಲೇತ್. ಟ್ರ್ಯಾಕ್ಟರ್, ಲಾರಿ, ಪಂಪ್‌ಸೆಟ್‌ಗಳ ನಾಡು ಇದು. ಬೋರ್ ಮಾಡಿಸುವುದು (ಸಿಲಿಂಡರ್‌ನ ಒಳಗೋಡೆಯನ್ನು ಕೊರೆದು ದೊಡ್ಡದಾಗಿಸುವುದು), ಆ ಗೋಡೆಯನ್ನು ತಿಕ್ಕಿ ಹದಗೊಳಿಸುವ ಹೋನಿಂಗ್, ವಾಲ್ವ್ ಸೀಟ್ ಕೊರೆಯುವುದು, ಕ್ರ್ಯಾಂಕ್ ಗ್ರೈಂಡಿಂಗ್ ಇಲ್ಲಿ ದಿನನಿತ್ಯದ ಕೆಲಸ. ಹೊಸ ಎಂಜಿನ್ ಮಾತ್ರ ಇಲ್ಲಿನ ಯಾವ ಅಂಗಡಿಯ ಕಪಾಟಿನಲ್ಲೂ ನನಗೆ ಸಿಕ್ಕಿಲ್ಲ. ಅದು ಹೈದರಾಬಾದ್, ಪುಣೆ ಅಥವಾ ಬೆಂಗಳೂರಿನಿಂದ ಬರಬೇಕು, ಅಲ್ಲಿಯೂ ಇಲ್ಲದಿದ್ದರೆ ಆಮದಾಗಬೇಕು. ಮಳೆಗಾಲದ ನಡುವೆ ಆರು ವಾರ ಕಾಯುವುದೆಂದರೆ ಮೈದಾನ ಕಾಡಾಗುವುದು ಎಂದರ್ಥ. ಮೊಣಕಾಲುದ್ದದ ಹುಲ್ಲಿನಲ್ಲಿ ಹಾವಿರುತ್ತದೆ, ಮಕ್ಕಳು ಆಡುತ್ತಾರೆ. ಖರೀದಿಯ ಕಡತದಲ್ಲಿ ಈ ಖರ್ಚಿಗೆ ಕಲಂ ಇರುವುದಿಲ್ಲ, ಆದರೂ ಅದನ್ನು ಎಣಿಸಲೇಬೇಕು.

ಬೋರ್ ಸವೆದಿದ್ದರೆ ಮೊದಲು ಒಳಗೋಡೆ ಎಂತಹದು ನೋಡಿ. ಎರಕದ ಕಬ್ಬಿಣದ ಸ್ಲೀವ್ (ಒಳಕವಚ) ಇದ್ದರೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬಹುದು. ಮೂಲ ಅಳತೆಗಿಂತ 0.003 ಇಂಚಿಗೂ ಹೆಚ್ಚು ಸವೆದಿದ್ದರೆ ಬರಿಯ ಹೊಸ ರಿಂಗ್ ಹಾಕುವುದು ವ್ಯರ್ಥ. ನಾಲ್ಕು ತಿಂಗಳಲ್ಲಿ ಹೊಗೆ ಮತ್ತೆ ಬರುತ್ತದೆ, ಬಿಚ್ಚಿದ ಕೂಲಿಯೂ ಹೋಗುತ್ತದೆ. ಸ್ಲೀವ್ ಇಲ್ಲದ ಬರಿಯ ಅಲ್ಯೂಮಿನಿಯಂ ಬೋರ್ ಗೀರುಬಿದ್ದಿದ್ದರೆ ನಾನು ದುರಸ್ತಿಗೆ ಕೈ ಹಾಕುವುದಿಲ್ಲ. ಬೋರಿಂಗ್‌ಗೆ ಕೊಡುವ ಮೊದಲೇ ಪಿಸ್ಟನ್ ಕೈಗೆ ಬಂದಿರಲಿ. ಪಿಸ್ಟನ್ ಅಳತೆ ನೋಡಿ ಬೋರ್ ಮಾಡಬೇಕೇ ಹೊರತು, ಬೋರ್ ಮಾಡಿಸಿಟ್ಟು ಅದಕ್ಕೆ ಹೊಂದುವ ಪಿಸ್ಟನ್ ಹುಡುಕುತ್ತಾ ಊರೂರು ಅಲೆಯಬಾರದು.

ಎಣ್ಣೆ ಇಲ್ಲದೆ ಓಡಿ ರಾಡ್ ಕಚ್ಚಿಕೊಂಡಿದ್ದರೆ? ಈ ಎಂಜಿನ್‌ಗಳಲ್ಲಿ ಅಲ್ಯೂಮಿನಿಯಂ ರಾಡ್ ಬೇರೆ ಬೇರಿಂಗ್ ಇಲ್ಲದೆ ನೇರವಾಗಿ ಕ್ರ್ಯಾಂಕ್ ಪಿನ್ ಮೇಲೆ ಓಡುವುದೇ ಹೆಚ್ಚು. ಕಚ್ಚಿಕೊಂಡಾಗ ಪಿನ್ ಮೇಲೆ ಅಲ್ಯೂಮಿನಿಯಂ ಮೆತ್ತಿಕೊಳ್ಳುತ್ತದೆ. ನೋಡಿದವರಿಗೆ ಕ್ರ್ಯಾಂಕ್ ಹಾಳಾದಂತೆ ಕಾಣುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವನ್ನು ಹತ್ತಿಯಲ್ಲಿ ಹಚ್ಚಿದರೆ ಅಲ್ಯೂಮಿನಿಯಂ ನೊರೆಗಟ್ಟಿ ಕರಗುತ್ತದೆ, ಅಡಿಯ ಉಕ್ಕು ಹೊರಬೀಳುತ್ತದೆ. ಬಯಲಿನಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು ಮಾಡಿ. ಆಮ್ಲ ಉಕ್ಕನ್ನೂ ತಿನ್ನುವುದರಿಂದ ಅಲ್ಯೂಮಿನಿಯಂ ಹೋದ ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಎಣ್ಣೆ ಸವರಿ. ನಂತರ ಮೈಕ್ರೋಮೀಟರ್ ಹಿಡಿಯಿರಿ. ಪಿನ್ ದುಂಡಗಿದ್ದು ಅಳತೆಗೆ ಸರಿಯಿದ್ದರೆ ಹೊಸ ರಾಡ್ ಒಂದೇ ಸಾಕು.

ಬದಲಿಸುವುದೇ ಸರಿ ಎನ್ನುವಾಗ

ಬೀದರ್‌ನಲ್ಲಿ ಇದೇ ಕೆಲಸದಲ್ಲಿರುವ ನನ್ನ ಗೆಳೆಯರೊಬ್ಬರ ಯಂತ್ರದಲ್ಲಿ ಎಂಜಿನ್‌ನ ವೇಗ ಮಿತಿಯಲ್ಲಿಡುವ ಗವರ್ನರ್‌ನ ಸ್ಪ್ರಿಂಗ್ ಅನ್ನು ಯಾರೋ ‘ಪಿಕಪ್ ಹೆಚ್ಚಲಿ’ ಎಂದು ಎಳೆದು ಕಟ್ಟಿದ್ದರು. ಈ ಎಂಜಿನ್‌ಗಳು ಹೆಚ್ಚೆಂದರೆ ನಿಮಿಷಕ್ಕೆ 3,600 ಸುತ್ತಿಗೆ ಮಾಡಿದಂಥವು. ಅದನ್ನು ಮೀರಿ ಓಡಿದ ಎಂಜಿನ್‌ನ ರಾಡ್ ಮುರಿದು ಬ್ಲಾಕ್ ಒಡೆದು ಹೊರಬಂತು. ಎಂಜಿನ್‌ನ ಹೊಟ್ಟೆಯಲ್ಲಿ ಕಿಟಕಿ ಬಿದ್ದ ಮೇಲೆ ಚರ್ಚೆ ಇಲ್ಲ. ಕ್ರ್ಯಾಂಕ್ ಬಾಗಿದ್ದರೂ ಅಷ್ಟೇ. ಬ್ಲೇಡ್ ಕಲ್ಲಿಗೋ ಮರದ ಬೊಡ್ಡೆಗೋ ಬಡಿದ ಮೇಲೆ ಆಸನದವರೆಗೆ ನಡುಕ ಬರುತ್ತಿದ್ದರೆ ಬ್ಲೇಡ್ ಮತ್ತು ಸ್ಪಿಂಡಲ್ ನೋಡಿದ ನಂತರ ಶಾಫ್ಟ್‌ನ ತುದಿಗೆ ಓಲಾಟ ಅಳೆಯುವ ಡಯಲ್ ಗೇಜ್ ಹಿಡಿಸಿ. ಬಾಗಿದ ಕ್ರ್ಯಾಂಕನ್ನು ಬಡಿದು ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಅದು ಒಂದು ದಿನ ಬ್ಲೇಡ್ ತಿರುಗುತ್ತಿರುವಾಗಲೇ ಮುರಿಯುತ್ತದೆ, ಮೇಲೆ ಮನುಷ್ಯ ಕೂತಿರುತ್ತಾನೆ.

ದುರಸ್ತಿ, ಬದಲಾವಣೆ ಇವೆರಡರ ನಡುವಿನ ಸ್ಥಿತಿಗೆ ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ಬೋರ್ ಒಂದೇ ಕೆಟ್ಟಿದ್ದರೆ ದುರಸ್ತಿ. ಕ್ರ್ಯಾಂಕ್ ಪಿನ್ ಒಂದೇ ಕೆಟ್ಟಿದ್ದರೆ, ಕಡಿಮೆ ಅಳತೆಯ ರಾಡ್ ಸಿಗುತ್ತದೆಂದು ಖಾತ್ರಿಯಾದ ಮೇಲೆ ಗ್ರೈಂಡಿಂಗ್. ಎರಡೂ ಕೆಟ್ಟಿದ್ದರೆ, ಅಥವಾ ಬಿಡಿಭಾಗ, ಲೇತ್, ಕೂಲಿ ಸೇರಿ ಖರ್ಚು ಹೊಸ ಎಂಜಿನ್ ಊರಿಗೆ ಬಂದು ಬೀಳುವ ಬೆಲೆಯ ಅರ್ಧ ದಾಟಿದರೆ, ಬದಲಾವಣೆ. ಬಂದು ಬೀಳುವ ಬೆಲೆ ಎಂದರೆ ತೆರಿಗೆ, ಸಾಗಣೆ, ಆಮದಾಗಿದ್ದರೆ ಸುಂಕ, ಕೂರಿಸುವ ಕೂಲಿ ಎಲ್ಲ ಸೇರಿದ್ದು. ಮಾರಾಟಗಾರರು ಫೋನಿನಲ್ಲಿ ಹೇಳುವ ಮೊದಲ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹೊಸ ಎಂಜಿನ್‌ಗೆ ಹಣ ಕೊಡುವ ಮೊದಲು ಉಳಿದ ಯಂತ್ರವನ್ನೂ ನಿಷ್ಠುರವಾಗಿ ನೋಡಿ. ಹಳೆಯ ಎಂಜಿನ್ ಇನ್ನೂ ಓಡುವಂತಿದ್ದರೆ ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಒಂದು ಏರಿಗೆ ಹತ್ತಿಸಿ. ತಣ್ಣಗಿದ್ದಾಗ ಹತ್ತಿದ್ದು ಬಿಸಿಯಾದಾಗ ಸುಸ್ತಾದರೆ ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟ್ಯಾಟಿಕ್ ಗೇರ್‌ಬಾಕ್ಸ್ ಸವೆದಿದೆ. ಬ್ಲೇಡ್‌ಗಳನ್ನು ಮುಚ್ಚುವ ತಗಡಿನ ಕವಚವಾದ ಡೆಕ್‌ನ ಅಡಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಕಣಕಣ ಎನ್ನುವ ಬದಲು ಟಪ್ ಎಂದರೆ ತುಕ್ಕು ತಿಂದಿದೆ. ಗೇರ್‌ಬಾಕ್ಸ್ ಮತ್ತು ಡೆಕ್ ಎರಡೂ ಮುಗಿದಿರುವ ಯಂತ್ರಕ್ಕೆ ನಾನು ಎಂಜಿನ್ ಹಾಕಿಸುವುದಿಲ್ಲ. ನಿಮ್ಮಲ್ಲಿ ಈಗಾಗಲೇ ಟ್ರ್ಯಾಕ್ಟರ್ ಇದ್ದು, ಇರುವುದು ಒರಟು ಬಯಲಾದರೆ, ಅದರ ಹಿಂದೆ ತಿರುಗುವ ಪಿಟಿಒ ಶಾಫ್ಟ್‌ಗೆ ಕಟ್ಟುವ, ಹುಲ್ಲು ಕಡಿಯುವ ಸ್ಲ್ಯಾಷರ್ ಆ ಹಣದಲ್ಲಿ ಹೆಚ್ಚು ವರ್ಷ ಬಾಳುತ್ತದೆ. ನುಣುಪಾದ ಹುಲ್ಲುಹಾಸಿಗೆ ಮಾತ್ರ ಅದು ಆಗುವುದಿಲ್ಲ.

ಪಂಪ್‌ಸೆಟ್ ಎಂಜಿನ್ ಏಕೆ ಕೂರುವುದಿಲ್ಲ

ನನಗೆ ಅತಿ ಹೆಚ್ಚು ಸಲ ಬಂದ ಸಲಹೆ ಇದು: ಹೋಂಡಾದ ಪಂಪ್ ಎಂಜಿನ್ನೋ ಗ್ರೀವ್ಸ್ ಡೀಸೆಲ್ಲೋ ಹಾಕಿಬಿಡಿ, ಬಿಡಿಭಾಗ ಎಲ್ಲೆಡೆ ಸಿಗುತ್ತವೆ. ಸಲಹೆಯ ಹಿಂದಿನ ಕಾಳಜಿ ನಿಜ, ಆದರೆ ಆ ಎಂಜಿನ್‌ಗಳ ಶಾಫ್ಟ್ ಅಡ್ಡಲಾಗಿರುತ್ತದೆ. ಸಾಮಾನ್ಯ ರೈಡಿಂಗ್ ಮೋವರ್‌ನಲ್ಲಿ ಶಾಫ್ಟ್ ನೆಲದ ಕಡೆಗೆ ಇಳಿದು, ಬೆಲ್ಟ್‌ಗಳನ್ನು ಅಡಿಯಲ್ಲೇ ತಿರುಗಿಸುತ್ತದೆ. ಅಡ್ಡ ಎಂಜಿನ್ ಅನ್ನು ನಿಲ್ಲಿಸಿ ಕೂರಿಸಿದರೆ ಎಣ್ಣೆ ಚಿಮ್ಮಿಸುವ ವ್ಯವಸ್ಥೆಯೇ ತಪ್ಪಿ ಒಳಗೆ ಒಣಗುತ್ತದೆ. ಕೋನದ ಗೇರ್‌ಬಾಕ್ಸ್ ಮಾಡಿಸಿ ಹೊಂದಿಸುವ ಸಾಹಸಕ್ಕೆ ಹೋಗುವ ಬದಲು ಸರಿಯಾದ ಎಂಜಿನ್‌ಗೆ ಕಾಯುವುದು ಅಗ್ಗ.

ಸರಿಯಾದ ಎಂಜಿನ್ ಎಂದರೆ ಏನು? ಹಳೆಯದರ ಮೇಲೆ ಕೊರೆದಿರುವ ಮಾಡೆಲ್, ಟೈಪ್, ಕೋಡ್ ಸಂಖ್ಯೆಗಳ ಫೋಟೊ ತೆಗೆಯಿರಿ. ಮಾಡೆಲ್ ಒಂದೇ ಸಾಲದು, ಶಾಫ್ಟ್ ಎಂತಹದು ಎಂದು ಹೇಳುವುದು ಟೈಪ್ ಸಂಖ್ಯೆ. ಬಹಳಷ್ಟು ಮನೆಬಳಕೆಯ ರೈಡಿಂಗ್ ಮೋವರ್‌ಗಳಲ್ಲಿ ಶಾಫ್ಟ್ 1 ಇಂಚು ದಪ್ಪ, 3 5⁄32 ಇಂಚು ಉದ್ದ ಇರುತ್ತದೆ. ಆದರೂ ನಿಮ್ಮದನ್ನು ಅಳೆದೇ ಆರ್ಡರ್ ಮಾಡಿ. ಉದ್ದ ಕಡಿಮೆಯಾದರೆ ಪುಲ್ಲಿ ಮತ್ತು ಬ್ಲೇಡ್‌ನ ವಿದ್ಯುತ್ ಕ್ಲಚ್ ಎರಡೂ ಕೂರುವುದಿಲ್ಲ. ಒಂದು ಸಿಲಿಂಡರ್‌ನ ಜಾಗಕ್ಕೆ ಎರಡು ಸಿಲಿಂಡರ್‌ನ ಎಂಜಿನ್ ತರುವ ಆಸೆ ಸಹಜ. ಸೈಲೆನ್ಸರ್ ಬೇರೆಯಾಗುತ್ತದೆ, ಬಾನೆಟ್ ತಾಗಬಹುದು, ಥ್ರಾಟಲ್ ಕೇಬಲ್ ಬೇರೆ ಕಡೆಯಿಂದ ಬರಬಹುದು. ಗೇರ್‌ಬಾಕ್ಸ್ ಮಾತ್ರ ಹಳೆಯದೇ ಇರುತ್ತದೆ, ಹೆಚ್ಚಿನ ಶಕ್ತಿಯನ್ನು ಅದು ಹೊರಲಾರದು.

ವೈರಿಂಗ್‌ನಲ್ಲಿ ಒಂದು ಎಚ್ಚರಿಕೆಯನ್ನು ಗೋಡೆಯ ಮೇಲೆ ಬರೆದಿಡಿ. ಎಂಜಿನ್ ನಿಲ್ಲಿಸುವ ತಂತಿ ಇಗ್ನಿಷನ್ ಕಾಯಿಲ್‌ನಿಂದ ಬರುತ್ತದೆ, ಅದನ್ನು ಬಾಡಿಗೆ ತಾಗಿಸಿದರೆ ಎಂಜಿನ್ ನಿಲ್ಲುತ್ತದೆ. ಅದಕ್ಕೆ ಬ್ಯಾಟರಿಯ 12 ವೋಲ್ಟ್ ಕೊಟ್ಟರೆ ಕಾಯಿಲ್ ಸುಡುತ್ತದೆ. ಬೈಕ್, ಕಾರುಗಳ ವೈರಿಂಗ್‌ಗೆ ಕೈ ಒಗ್ಗಿದವರು ಈ ತಪ್ಪನ್ನು ಸುಲಭವಾಗಿ ಮಾಡುತ್ತಾರೆ. ಹಳೆಯ ಎಂಜಿನ್ ಬಿಚ್ಚುವ ಮೊದಲೇ ಪ್ರತಿ ತಂತಿಗೂ ಚೀಟಿ ಕಟ್ಟಿ. ಬಿಚ್ಚಿದ ಮೇಲೆ ಅದರ ಸ್ಟಾರ್ಟರ್, ಕಾಯಿಲ್, ಕಾರ್ಬ್ಯುರೇಟರ್‌ಗಳನ್ನು ಎಣ್ಣೆ ಸವರಿ ಎತ್ತಿಡಿ. ಗೆಳೆಯರ ಒಡೆದ ಎಂಜಿನ್‌ನ ಕಾಯಿಲ್ ಈಗ ನಮ್ಮ ಯಂತ್ರದಲ್ಲಿ ಓಡುತ್ತಿದೆ.

ಹಳೆಯದನ್ನು ಕೊಂದ ಧೂಳು

ಗಾಳಿಸೋಸಕವನ್ನು ತೆಗೆದು, ಅದರ ಹಿಂದಿನ ಕಾರ್ಬ್ಯುರೇಟರ್‌ನ ಗಂಟಲಿನಲ್ಲಿ ಬೆರಳಾಡಿಸಿ. ಬೆರಳಿಗೆ ಧೂಳು ಹತ್ತಿದರೆ ಬೋರ್ ಸವೆದಿರುತ್ತದೆಂದು ಬಿಚ್ಚುವ ಮೊದಲೇ ಊಹಿಸಬಹುದು. ನಮ್ಮ ಕಪ್ಪು ಎರೆ ಮಣ್ಣು ಒಣಗಿದಾಗ ಹಿಟ್ಟಿನಂತೆ ಏಳುತ್ತದೆ, ಶಹಾಬಾದ್, ವಾಡಿ, ಸೇಡಂ ಕಡೆ ಸುಣ್ಣಕಲ್ಲಿನ ಪುಡಿಯೂ ಸೇರುತ್ತದೆ. ಬೀದರ್‌ನ ಜಂಬಿಟ್ಟಿಗೆಯ ಕೆಂಪು ನೆಲದಲ್ಲಿ ಕಣ ಒರಟು. ಸೋಸಕ ಸರಿಯಾಗಿ ಕೂರದೆ ಒಂದು ಕೂದಲಷ್ಟು ಸಂದಿ ಇದ್ದರೂ ಈ ಧೂಳು ರಿಂಗ್‌ಗಳನ್ನು ಅರೆಯುವ ಎಮರಿಯಾಗುತ್ತದೆ. ಕಾಗದದ ಸೋಸಕವನ್ನು ಕಂಪ್ರೆಸರ್ ಗಾಳಿಯಿಂದ ಊದಿದರೆ ಅದು ಕಣ್ಣಿಗೆ ಕಾಣದಂತೆ ಹರಿಯುತ್ತದೆ. ತಟ್ಟಿ ಕೊಡವಿ, ಇಲ್ಲವೇ ಹೊಸದು ಹಾಕಿ. ಕೈಪಿಡಿ 25 ಗಂಟೆಗೊಮ್ಮೆ ಎಂದರೆ ನಾವು ಧೂಳೇಳುವ ದಿನಗಳಲ್ಲಿ ವಾರಕ್ಕೊಮ್ಮೆ ನೋಡುತ್ತೇವೆ.

ಎರಡನೆಯ ಶತ್ರು ಶಾಖ. ಏಪ್ರಿಲ್, ಮೇನಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಮೇಲಿನ ಫ್ಯಾನ್ ಕವಚ ಬಿಚ್ಚಿ ಸಿಲಿಂಡರ್‌ನ ರೆಕ್ಕೆಗಳ ನಡುವೆ ನೋಡಿ. ಒಣಹುಲ್ಲು ಕಂಬಳಿಯಂತೆ ಕೂತಿರುತ್ತದೆ. ನಮ್ಮ ಗ್ಯಾಸ್ಕೆಟ್ ಸುಟ್ಟದ್ದಕ್ಕೆ ಕಾರಣ ಅಲ್ಲೇ ಸಿಕ್ಕಿತ್ತು. ಈ ಸೆಕೆಗೆ ಎಸ್‌ಎಇ 30 ದರ್ಜೆಯ ಎಣ್ಣೆಯೇ ಒಳ್ಳೆಯದು. 10ಡಬ್ಲ್ಯೂ-30 ದರ್ಜೆಯದು ಹಾಕಿದರೆ 27 ಡಿಗ್ರಿಯ ಮೇಲೆ ಎಣ್ಣೆ ಹೆಚ್ಚು ಖರ್ಚಾಗಬಹುದೆಂದು ಬ್ರಿಗ್ಸ್ ಕೈಪಿಡಿಯೇ ಎಚ್ಚರಿಸುತ್ತದೆ.

ಬೀದರ್‌ನ ಗೆಳೆಯರ ಹೊಸ ಎಂಜಿನ್ ಬಂದಾಗ ನಾನೂ ಹೋಗಿದ್ದೆ. ಇಬ್ಬರು ಸೇರಿ ಎತ್ತಿ ಕೂರಿಸಿದೆವು. ಅದರೊಳಗೆ ಎಣ್ಣೆ ಇರಲಿಲ್ಲ, ಹೊಸ ಎಂಜಿನ್‌ಗಳು ಬಹುತೇಕ ಒಣಗಿಯೇ ಬರುತ್ತವೆ. ಕೀಲಿ ತಿರುಗಿಸುವ ಮೊದಲು ಕಡ್ಡಿಯ ಗುರುತಿನವರೆಗೆ ತುಂಬಿದೆವು. ಗೆಳೆಯರು ಗವರ್ನರ್‌ನ ಸ್ಪ್ರಿಂಗ್‌ಗೆ ಕೆಂಪು ಬಣ್ಣ ಬಳಿದು, ಯಾರೂ ಮುಟ್ಟಬಾರದೆಂದು ಶೆಡ್‌ನಲ್ಲಿ ಎಲ್ಲರಿಗೂ ತೋರಿಸಿದರು. ಮೊದಲ 5 ಗಂಟೆ ಓಡಿದ ಮೇಲೆ ಆ ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡಿದೆವು. ಹೊಸ ರಿಂಗ್‌ಗಳು ಕೂರುವಾಗ ಬಿಟ್ಟ ಲೋಹದ ನಯವಾದ ಮಿಂಚು ಇತ್ತು, ಮರಳಿನ ಒರಟು ಬೆರಳಿಗೆ ಸಿಗಲಿಲ್ಲ.